ಕಂಬಕ್ಕೆ ಕಟ್ಟಿದ ತೋರಣ

ಹಬ್ಬ ಮುಗಿದ ಮೇಲೆ ತೋರಣ ಬಿಚ್ಚುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ನಿಮ್ಮಲ್ಲಿ ಇದ್ದರೆ ದಯವಿಟ್ಟು ನನಗೆ ಹೇಳಬೇಡಿ. ಈ ವಯಸ್ಸಿನಲ್ಲಿ ಹೊಸ ಕೆಲಸ ಕಲಿಯುವ ಉಮೇದು ನನಗಿಲ್ಲ. ಯುಗಾದಿಗೆ ಕಟ್ಟಿದ್ದು ಒಣಗಿ, ಮುರುಟಿ, ಬಣ್ಣಗೆಟ್ಟು, ಗಾಳಿ ಬಂದಾಗಲೆಲ್ಲ ಚರಚರ ಎನ್ನುತ್ತ ನಾಗರ ಪಂಚಮಿಯ ತನಕ ಬಾಗಿಲ ಮೇಲೆ ಇರಬೇಕು. ಹೊಸ ಎಲೆ ಬಂದಾಗಲೇ ಹಳೆಯದಕ್ಕೆ ಬಿಡುಗಡೆ. ಇದಕ್ಕೆ ಶಾಸ್ತ್ರ ಏನು ಹೇಳುತ್ತದೋ ಗೊತ್ತಿಲ್ಲ, ಸೋಮಾರಿತನವಂತೂ ಇದನ್ನೇ ಹೇಳುತ್ತದೆ.

ಮೊನ್ನೆ ಕಸದ ಬಿನ್ನನ್ನು ಒಳಗೆಳೆದುಕೊಳ್ಳುತ್ತಿದ್ದೆ. ನಮ್ಮ ಬೀದಿಗೆ ಹೊಸದಾಗಿ ಬಂದಿರುವ ಬೆಂಗಳೂರಿನ ಹುಡುಗಿ, ನರ್ಸ್ ಕೆಲಸದವಳು, ಬಸ್ಸಿಗೆ ಹೊರಟವಳು ನಮ್ಮ ಗೇಟಿನ ಕಂಬಕ್ಕೆ ಕಟ್ಟಿದ ತೋರಣ ನೋಡಿ ನಿಂತಳು.

"ಅಂಕಲ್, ಈ ಸೊಪ್ಪು ಪೂರ್ತಿ ಒಣಗೋಗಿದೆ. ತೆಗೆದುಬಿಡ್ಲಾ?"

"ಮುಟ್ಟಬ್ಯಾಡಮ್ಮಾ!" ಎಂದು ನಾನು ಕೂಗಿದ ರಭಸಕ್ಕೆ ಪಾಪ, ಅವಳು ಹಿಂದೆ ಸರಿದಳು. ಕಾರಣ ಹೇಳೋಣವೆಂದರೆ ಅಷ್ಟರಲ್ಲಿ ಬಸ್ಸು ಬಂತು. ನಿಮಗಂತೂ ಬಸ್ಸು ಹಿಡಿಯುವ ಅವಸರವಿಲ್ಲವಲ್ಲ, ಕೂತು ಕೇಳಿ.

ನಾವಿರುವುದು ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ, ಬಾಡಿಗೆ ಮನೆಯಲ್ಲಿ. ನಾನು ಮಳೆನೀರಿನ ಕೊಳವೆಗಳನ್ನು ಎಲ್ಲಿ ಹಾಕಬೇಕು, ಎಷ್ಟು ದಪ್ಪದ್ದು ಹಾಕಬೇಕು ಎಂದು ಲೆಕ್ಕ ಹಾಕುವ ಇಂಜಿನಿಯರ್. ಇದನ್ನು, ಮಗನನ್ನು ಪ್ರೀತಿಯಿಂದ 'ತಮ್ಮ' ಎನ್ನುವ ಅವ್ವ ಗದಗಿನಲ್ಲಿ ಎಲ್ಲರಿಗೂ "ನಮ್ಮ ತಮ್ಮ ಫಾರಿನ್ನಿನ್ಯಾಗ ಗಟಾರಾ ನೋಡ್ಕೋತಾನ" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ಒಟ್ಟಾರೆ ನೋಡಿದರೆ ಅವಳು ಹೇಳಿದ್ದು ಸರಿಯೇ ಇದೆ.

ಅವ್ವನ ಕೆಲಸ ನನ್ನದರಷ್ಟು ಹೇಳಿಕೊಳ್ಳಲಾಗದ್ದೇನಲ್ಲ. ಗದಗಿನಲ್ಲಿ ರೈಲು ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಅವಳದೊಂದು ಖಾನಾವಳಿ ಇತ್ತು. ಖಾನಾವಳಿ ಎಂದರೆ ಬೋರ್ಡು, ಮೆನು ಎಲ್ಲ ಇರುವಂಥದ್ದಲ್ಲ. ನಮ್ಮ ಮನೆಯ ನಡುಮನೆಯೇ ಖಾನಾವಳಿ. ಅಲ್ಲಿ ಉದ್ದಕ್ಕೆ ಎರಡು ಬೆಂಚು. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳಿದರೆ ಖಾನಾವಳಿ ತೆರೆದಿದೆ ಎಂದು ಅರ್ಥ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು, ಕೋರ್ಟಿಗೆ ಬಂದ ಹಳ್ಳಿಯವರು, ಔಷಧಿ ಮಾರುವ ಏಜೆಂಟರು, ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಕೋರ್ಟಿನಲ್ಲಿ ಎದುರಾಳಿಗಳಾದವರು ನಮ್ಮ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಶೇಂಗಾ ಹಿಂಡಿ ಸರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಲೆಕ್ಕದ ಮಾಸ್ತರರೂ ಅಲ್ಲೇ ಉಣ್ಣುತ್ತಿದ್ದರು. ಅವರ ತಾಟಿಗೆ ಅವ್ವ ಎರಡು ಸೌಟು ಮೊಸರು ಹೆಚ್ಚು ಹಾಕಿದರೆ ನನಗೆ ಅಂಕಗಳು ಹೆಚ್ಚು ಬೀಳುತ್ತವೆ ಎಂದು ನಂಬಿ ನಾನು ಅವಳನ್ನು ಗೋಗರೆಯುತ್ತಿದ್ದೆ. ಅಂಕ ಬೀಳಲಿಲ್ಲ, ಮಾಸ್ತರರು ದಪ್ಪಗಾದರು, ಅಷ್ಟೇ.

ಅಪ್ಪ ಹೋದ ಮೇಲೆ, ಮೊಣಕಾಲು ನೋವೂ ಸೇರಿಕೊಂಡು, ಅವ್ವ ಖಾನಾವಳಿ ಮುಚ್ಚಿದಳು. ನಾನು ಇಲ್ಲಿಗೆ ಕರೆಸಿಕೊಂಡೆ. ಕಾಯಂ ಇರುವ ಪರವಾನಗಿಯೂ ಸಿಕ್ಕಿತು. ಸಿಗದೇ ಇದ್ದದ್ದು ಅವಳಿಗೊಂದು ಕೆಲಸ. ನನ್ನ ಹೆಂಡತಿ ಜ್ಯೋತಿ, ನಾನು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಡುತ್ತೇವೆ. ಮಗಳು ಅನನ್ಯಾ ಬೆಳಿಗ್ಗೆ ತಣ್ಣನೆಯ ಹಾಲಿಗೆ ಏನನ್ನೋ ಸುರುವಿಕೊಂಡು ತಿನ್ನುತ್ತಾಳೆ. ಅದನ್ನು ನೋಡುವಾಗ ಅವ್ವನ ಮುಖ ನೋಡಲಾಗುವುದಿಲ್ಲ. ಆಮೇಲೆ ಇಡೀ ದಿನ ಅವ್ವ, ಟೀವಿ ಮತ್ತು ಕಿಟಕಿಯಾಚೆಯ ಮನುಕಾವ್ ಕೊಲ್ಲಿಯ ನೀರು. ದೇವಸ್ಥಾನಕ್ಕೆ ಕರೆದೊಯ್ದೆ, ಕನ್ನಡದವರ ಭಜನೆಗೆ ಕರೆದೊಯ್ದೆ, ಸ್ಯಾಂಡ್ರಿಂಗಮ್ಮಿನ ಇಂಡಿಯನ್ ಅಂಗಡಿಗಳನ್ನೆಲ್ಲ ತೋರಿಸಿದೆ. ಎಲ್ಲ ಕಡೆಗೂ ಬಂದಳು, ನೆಂಟರ ಮನೆಗೆ ಬಂದವರ ಹಾಗೆ ಸೆರಗು ಹೊದ್ದು ಕೂತು ಎದ್ದು ಬಂದಳು.

ಒಂದು ದಿನ ಹೇಳಿಯೇಬಿಟ್ಟಳು. "ತಮ್ಮಾ, ನಾ ಹೊಳ್ಳಿ ಹೋಗ್ತೀನಿ. ಗಂಗವ್ವನ ಮನ್ಯಾಗ ಇರ್ತೀನಿ."

ಗಂಗವ್ವ ಎಂದರೆ ಅವಳ ತಂಗಿ, ನನ್ನ ಚಿಕ್ಕವ್ವ, ಗದಗಿನಲ್ಲೇ ಇರುವವಳು.

"ಯಾಕವ್ವಾ? ಇಲ್ಲಿ ಏನ ಕಡಿಮಿ ಆಗೇತಿ?"

"ಏನೂ ಕಡಿಮಿ ಇಲ್ಲಪಾ. ಮೂರು ರೊಟ್ಟಿ ಬಡೀಲಿಕ್ಕೆ ಒಲಿ ಹಚ್ಚಬೇಕೇನ? ನಾ ಇದ್ರೇನು, ಇರದಿದ್ರೇನು? ಯುಗಾದಿ ಮುಗೀತಿದ್ದಂಗ ತಿಕೀಟ ತಗಸು. ಮತ್ತ ಬರೂದಿಲ್ಲ."

ನಾನು ವಾದಿಸಿದೆ, ಜ್ಯೋತಿ ಅತ್ತಳು. ಅವ್ವ ಇಬ್ಬರಿಗೂ ಚಹಾ ಮಾಡಿ ಕೊಟ್ಟಳು, ಮಾತು ಮಾತ್ರ ಬದಲಿಸಲಿಲ್ಲ. ಕಡೆಗೆ ಯುಗಾದಿಯಾಗಿ ತಿಂಗಳೊಪ್ಪತ್ತಿಗೆ ಹೊರಡುವ ಟಿಕೆಟ್ ತೆಗೆಸಿದೆ. ಅವಳು ಹೋದರೆ ನನ್ನ ಮನೆ ಮನೆಯಾಗಿ ಉಳಿಯುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಇರು ಎನ್ನಲು ಮಾತ್ರ ನನ್ನ ಹತ್ತಿರ ಒಂದೇ ಒಂದು ಕಾರಣ ಇರಲಿಲ್ಲ.

ಯುಗಾದಿ ಆ ಸಲ ಪುಣ್ಯಕ್ಕೆ ರವಿವಾರ ಬಂದಿತ್ತು. ಇಲ್ಲಿ ಯುಗಾದಿ ಬರುವುದು ಎಲೆ ಉದುರುವ ಕಾಲದಲ್ಲಿ. "ಚಿಗುರೂ ಹೊತ್ತಿನ್ಯಾಗ ಮಾಡೂ ಹಬ್ಬಾನ ಉದುರೂ ಹೊತ್ತಿನ್ಯಾಗ ಮಾಡ್ತೀರಲ್ಲೋ" ಎಂದು ಅವ್ವ ಪ್ರತಿ ಸಲ ನಗುತ್ತಾಳೆ. ಬೇವಿನ ಬದಲು ಪುಡಿ, ಅದು ಸರಿ. ಮಾವಿನ ಎಲೆಗೆ ಮಾತ್ರ ಸ್ಯಾಂಡ್ರಿಂಗಮ್ಮಿಗೇ ಓಡಬೇಕು. ಶನಿವಾರ ಸಂಜೆ ಓಡಿದೆ. ನನಗಿಂತ ಚುರುಕಾದವರು ಬೆಳಿಗ್ಗೆಯೇ ಎಲ್ಲವನ್ನೂ ಒಯ್ದಿದ್ದರು. ಉಳಿದದ್ದು ಪ್ಲಾಸ್ಟಿಕ್ ತೋರಣ, ನಡುವೆ ಪುಟ್ಟ ಗಣಪತಿ ಇರುವಂಥದ್ದು. ತಂದು ತೋರಿಸಿದೆ.

"ಇದನ್ನ ಕಟ್ಟೂದಕ್ಕಿಂತ ಬಾಗಲಾ ಖಾಲಿ ಇರ್ಲಿ ಬಿಡು" ಎಂದಳು ಅವ್ವ. ಬೈದಿದ್ದರೆ ಪರವಾಗಿರಲಿಲ್ಲ. ಬಹಳ ಮೆತ್ತಗೆ ಹೇಳಿದಳು.

ಇವಳು ಇಲ್ಲಿ ಮಾಡುವ ಕೊನೆಯ ಯುಗಾದಿ ಇದು, ಬಾಗಿಲು ಬೋಳಾಗಿರಬೇಕೇ? ಹಿತ್ತಲಿಗೆ ನುಗ್ಗಿದೆ. ಅಲ್ಲೊಂದು ಲೋಕಾಟ್ ಮರ ಇದೆ. ಆಕ್ಲೆಂಡಿನಲ್ಲಿ ಯಾರೂ ನೆಡದೆ, ಯಾರೂ ಕೇಳದೆ ತಾನೇ ಬೆಳೆಯುವ ಮರ ಅದು. ಎಲೆ ಉದ್ದ, ಗಟ್ಟಿ, ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಮಾವಿನದೇ. ಒಂದು ಹೊರೆ ಕಡಿದೆ. ಬಾಡಿಗೆ ಮನೆಗೆ ಮೊಳೆ ಹೊಡೆಯುವಂತಿಲ್ಲ, ಆದ್ದರಿಂದ ಅಂಟಿಸುವ ಕೊಕ್ಕೆ ಅಂಟಿಸಿ ಸರ ಕಟ್ಟಿದೆ. ಲೋಕಾಟ್ ಎಲೆಯ ಭಾರಕ್ಕೆ ಕೊಕ್ಕೆ, ದಾರ, ತೋರಣ ಸಮೇತ ನನ್ನ ತಲೆಯ ಮೇಲೆ ಬಿತ್ತು. ಮತ್ತೆ ಕಟ್ಟಿದೆ, ಮತ್ತೆ ಬಿತ್ತು. ನನಗೂ ಸಿಟ್ಟು ಬಂತು. ಇಡೀ ಹೊರೆಯನ್ನು ಒಟ್ಟಿಗೆ ಹಿಡಿದು ಗೇಟಿನ ಪಕ್ಕದ ದೀಪದ ಕಂಬಕ್ಕೆ ಬಿಗಿದುಬಿಟ್ಟೆ. ಬಾಗಿಲಿಗಿಲ್ಲದಿದ್ದರೆ ಕಂಬಕ್ಕಾದರೂ ಇರಲಿ!

ಅವ್ವ ಬಂದು ನೋಡಿದಳು. "ಇವೇನ ಮಾವಿನ ಎಲಿ?"

"ಮಾವಿನ ಬೀಗರವು ಅಂತ ತಿಳಕೊ."

ಬಹಳ ದಿನಗಳ ಮೇಲೆ ಅವ್ವ ಬಾಯಿ ತುಂಬ ನಕ್ಕಳು.

ಹಬ್ಬದ ದಿನ ಮಧ್ಯಾಹ್ನ ಮನೆಯ ಹಿಂದಿನ ಡೆಕ್ಕಿನಲ್ಲಿ, ಅಂದರೆ ಮರದ ಜಗಲಿಯಲ್ಲಿ, ಬೆಂಚಿನ ಮೇಲೆ ಊಟಕ್ಕೆ ಕೂತಿದ್ದೆವು. ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ. ಆಗ ಮನೆಯ ಪಕ್ಕದ ಓಣಿಯಿಂದ ಒಬ್ಬ ಮುದುಕರು ಸೀದಾ ಒಳಗೆ ಬಂದರು. ಬೀದಿಯ ತುದಿಯ ಮನೆಯವರು, ಹಿಂದೆ ಸಾಮಾನು ಹೇರುವ ಹಳೆಯ ಯೂಟ್ ಗಾಡಿಯವರು. ಕೈ ಎತ್ತಿ 'ಮಾರ್ನಿಂಗ್' ಅನ್ನುವಷ್ಟೇ ನಮ್ಮ ಪರಿಚಯ, ಹೆಸರೂ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಕೋಟು ಹಾಕಿ, ತಲೆ ಬಾಚಿಕೊಂಡಿದ್ದರು. ಕೈಯಲ್ಲಿ ಒಂದು ಖಾಲಿ ಗಾಜಿನ ಲೋಟ. ನಮ್ಮ ಬೆಂಚಿನ ತುದಿಯಲ್ಲಿ ಅನನ್ಯಾಳ ಪಕ್ಕ ಜಾಗ ನೋಡಿ ಕೂತು, ಲೋಟವನ್ನು ಮುಂದಿಟ್ಟುಕೊಂಡು, ನನ್ನ ಮುಖ ನೋಡಿ ಕೇಳಿದರು: "ಇವತ್ತು ಏನಿದೆ?"

ವಿಮೆ ಮಾರಲು ಬಂದಿರಬಹುದೇ, ಧರ್ಮಪ್ರಚಾರವೇ, ತಲೆ ಕೆಟ್ಟಿದೆಯೇ ಎಂದು ನಾನು ಯೋಚಿಸುತ್ತಿದ್ದರೆ ಅನನ್ಯಾ ನನ್ನ ಕಿವಿಯಲ್ಲಿ, "ಡ್ಯಾಡ್, ಹೀ ಥಿಂಕ್ಸ್ ವಿ ಆರ್ ಎ ಕೆಫೆ" ಎಂದಳು.

ಅವ್ವ ಒಳಗಿನಿಂದ ಬಿಸಿ ಹೋಳಿಗೆ ಹಿಡಿದು ಬಂದಳು. ಬೆಂಚಿನ ಮೇಲೆ ಗುರುತಿಲ್ಲದ ಮನುಷ್ಯ. ಅವಳ ಕಾಲು ಒಂದು ಕ್ಷಣವೂ ತಡೆಯಲಿಲ್ಲ. ತಾಟು ಇಟ್ಟಳು, ಹೋಳಿಗೆ ಹಾಕಿದಳು, ತುಪ್ಪ ಸುರಿದಳು, ಲೋಟಕ್ಕೆ ನೀರು ತುಂಬಿದಳು. "ಉಣ್ರಿ" ಎಂದಳು. ಅವರು ಎರಡನೆಯ ಹೋಳಿಗೆ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ, "ಯಾರೋ ಇವ್ರು?" ಎಂದು ಕೇಳಿದಳು.

ನಾನೂ ಅದನ್ನೇ, ಸಭ್ಯ ಇಂಗ್ಲಿಷಿನಲ್ಲಿ, ಕೇಳಿದೆ. ಅವರು ಕೈ ಒರೆಸಿಕೊಂಡು ಹೇಳಿದರು. ಹೆಸರು ಫ್ರಾಂಜ್. ವಯಸ್ಸು ಎಂಬತ್ತು ದಾಟಿದೆ. ಮರಗೆಲಸದವರು, ಚಿಕ್ಕಂದಿನಲ್ಲೇ ಆಸ್ಟ್ರಿಯಾದಿಂದ ಬಂದು ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡಿದ್ದಾರೆ. ಅವರ ಊರು ಗುಂಪೋಲ್ಡ್ಸ್‌ಕಿರ್ಖೆನ್. ನಾಲ್ಕು ಸಲ ಹೇಳಿಸಿಕೊಂಡು ಆಮೇಲೆ ನಾನು ಬಿಟ್ಟುಕೊಟ್ಟೆ. ವಿಯೆನ್ನಾದ ದಕ್ಷಿಣಕ್ಕೆ, ಗುಡ್ಡದ ಇಳಿಜಾರಿನಲ್ಲಿರುವ ಪುಟ್ಟ ಊರಂತೆ. ಒಂದು ಮುಖ್ಯ ಬೀದಿ, ಬೀದಿಗೆ ಅಂಟಿಕೊಂಡ ಮನೆಗಳು, ಪ್ರತಿ ಮನೆಯ ಹಿಂದೆ ದ್ರಾಕ್ಷಿ ತೋಟ. ಊರ ಹೊರಗೆ ಒಂದು ಮಠದ ಎಸ್ಟೇಟು. ಮಠ ಇರುವುದು ದೂರದ ಕಾಡಿನೊಳಗೆ, ಎಸ್ಟೇಟು ಮಾತ್ರ ಕೆಳಗೆ ಬಯಲಿನಲ್ಲಿ. ಶತಮಾನಗಳಿಂದ ಅಲ್ಲಿನ ಸನ್ಯಾಸಿಗಳು ದ್ರಾಕ್ಷಿ ಬೆಳೆದ ನೆಲ. ದಪ್ಪ ಗೋಡೆಯ ಉದ್ದನೆಯ ಕಟ್ಟಡ, ಪೀಪಾಯಿಗಳ ನೆಲಮಾಳಿಗೆ, ಪುಟ್ಟ ಚರ್ಚು, ಅಂಗಳದಲ್ಲಿ ವಾಲ್‌ನಟ್ ಮರ. ಫ್ರಾಂಜರ ತಂದೆ ಆ ನೆಲಮಾಳಿಗೆಯಲ್ಲಿ ಕೆಲಸಕ್ಕಿದ್ದರು, ತಾಯಿ ಅಡುಗೆಮನೆಯಲ್ಲಿ. ಅವರು ಹುಟ್ಟಿದ್ದೂ ಆ ಎಸ್ಟೇಟಿನ ಕೋಣೆಯೊಂದರಲ್ಲೇ.

"ನಮ್ಮಲ್ಲಿ ವೈನ್ ಮಾಡುವ ಮನೆಯವರು ತಮ್ಮ ಅಂಗಳವನ್ನೇ ಜನರಿಗೆ ತೆರೆಯುತ್ತಾರೆ" ಎಂದರು. "ಬೋರ್ಡು ಇರುವುದಿಲ್ಲ. ಗೇಟಿನ ಮುಂದೆ ಕೋಲಿಗೆ ಒಂದು ಹಸಿರು ಕೊಂಬೆಗಳ ಕಟ್ಟು ನೇತು ಹಾಕುತ್ತಾರೆ. ಕಟ್ಟು ಇದ್ದರೆ ಮನೆ ತೆರೆದಿದೆ, ಯಾರು ಬೇಕಾದರೂ ಬಂದು ಕೂರಬಹುದು. ಬೆಂಚಿನ ಮೇಲೆ ಎಲ್ಲಿ ಜಾಗವಿದೆಯೋ ಅಲ್ಲಿ, ಗುರುತಿಲ್ಲದವರ ಪಕ್ಕ, ಜಗಳವಾಡಿದವರ ಪಕ್ಕ. ಮಠದ ಎಸ್ಟೇಟಿನಲ್ಲೂ ಹಾಗೇ. ನನ್ನ ತಾಯಿ ಆ ಬೆಂಚುಗಳಿಗೆ ಬಡಿಸುತ್ತಿದ್ದಳು."

ನಾನು ಎದ್ದು ಓಣಿಯಿಂದ ಗೇಟಿನ ಕಡೆ ನೋಡಿದೆ. ಕಂಬಕ್ಕೆ ಹಸಿರು ಕೊಂಬೆಗಳ ಕಟ್ಟು ಸೊಗಸಾಗಿ ನೇತಾಡುತ್ತಿತ್ತು.

"ನನ್ನ ಬುದ್ಧಿ ಕೆಟ್ಟಿಲ್ಲ" ಎಂದರು ಫ್ರಾಂಜ್, ನನ್ನ ಮುಖ ನೋಡಿ. "ಇದು ಆಕ್ಲೆಂಡ್ ಎಂದು ಗೊತ್ತು. ಮನೆಗೆ ಹೋಗಿ ಕೋಟು ಹಾಕಿಕೊಳ್ಳುವಾಗ ಕೂಡ ನಾನು ಮಾಡುತ್ತಿರುವುದು ಹುಚ್ಚು ಅಂತಲೇ ಅಂದುಕೊಂಡೆ. ಆದರೆ ಅಷ್ಟು ವರ್ಷಗಳ ಮೇಲೆ ಒಂದು ಗೇಟಿಗೆ ಕೊಂಬೆ ಕಂಡೆ. ಬರದೆ ಇರಲು ಆಗಲಿಲ್ಲ."

ಅವ್ವನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವಳು ಹಿಡಿದುಕೊಂಡದ್ದು ಒಂದೇ ಅಂಶವನ್ನು.

"ಮಠದ ಸ್ವಾಮಿಗೋಳು ಸೆರೆ ಮಾಡ್ತಾರಾ?"

"ದ್ರಾಕ್ಷಿ ರಸಾ ಅವ್ವಾ."

"ಹುಳಿ ಬರಿಸಿದ್ದೋ, ಬರಿಸದೇ ಇದ್ದದ್ದೋ?"

ಖಾನಾವಳಿ ನಡೆಸಿದವಳ ಮುಂದೆ ಏನು ಮುಚ್ಚಿಡುತ್ತೀರಿ? ಹುಳಿ ಬರಿಸಿದ್ದು ಎಂದು ಒಪ್ಪಿಕೊಂಡೆ. ಅವ್ವ ಸ್ವಲ್ಪ ಹೊತ್ತು ಆ ಕಾಣದ ಸ್ವಾಮಿಗಳ ವಿಚಾರಣೆ ನಡೆಸಿದಳು. "ಹೊಲಾ ಐತಿ, ಮಠಾ ಐತಿ, ಬಂದಾರಿಗೆ ಸಾಲಿನ್ಯಾಗ ಊಟಾ ಐತಿ. ಕುಡಿಯೂದೊಂದ ಬಿಟ್ರ ನಮ್ಮಂಗನ ಅದಾರಲ್ಲ" ಎಂದು ಅವರನ್ನು ಬಿಟ್ಟುಬಿಟ್ಟಳು. ಫ್ರಾಂಜ್ ಎದ್ದು ನಿಂತು ಜೇಬಿಗೆ ಕೈ ಹಾಕಿದರು. ಅವ್ವ ಕಣ್ಣು ಕೆಕ್ಕರಿಸಿದಳು. ಜೇಬಿಗೆ ಹೋದ ಕೈ ಖಾಲಿಯಾಗಿಯೇ ಹೊರಗೆ ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಮನೆತನದ ಪದ್ಧತಿಯನ್ನು ಮೊದಲೇ ಹೇಳಿದ್ದೇನಲ್ಲ. ಮರುದಿನ ನಾನು ಕೆಲಸದಲ್ಲಿದ್ದೆ. ಅದೊಂದು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಜ್ಯೋತಿಯ ಫೋನು ಬಂತು.

"ರೀ, ಆ ಅಂಕಲ್ ಮತ್ತ ಬಂದಾರ."

"ಯಾಕಂತ?"

"ತ್ವಾರಣಾ ಇನ್ನೂ ಐತೆಲ್ಲಾ, ಅದಕ್ಕ. ಅತ್ತಿ ರೊಟ್ಟಿ ಬಡ್ಯಾಕ ಹತ್ತ್ಯಾರ. ನೀವು ಸಂಜಿಗೆ ಬಂದು ಮೊದಲ ಅದನ್ನ ಬಿಚ್ಚರಿ, ಪಾಪ, ಅವರಿಗೆ ತಪ್ಪು ತಿಳುವಳಿಕಿ ಆಗ್ತೈತಿ."

ಸಂಜೆ ಕತ್ತರಿ ಹಿಡಿದು ಹೊರಟವನನ್ನು ಅವ್ವ ಬಾಗಿಲಲ್ಲೇ ತಡೆದಳು. "ಹಬ್ಬದ ತ್ವಾರಣಾ ಬಿಚ್ಚತಾರೇನೋ? ನಿಮ್ಮಪ್ಪ ಎಂದಾದ್ರೂ ಬಿಚ್ಚಿದ್ನಾ?" ಕತ್ತರಿ ಒಳಗೆ ಹೋಯಿತು.

ಹೀಗಾಗಿ ಮಂಗಳವಾರವೂ ಬಂದರು, ಬುಧವಾರವೂ ಬಂದರು. ಎಲೆ ಬಾಡಿತು, ಅವರು ಬಂದರು. ಎಲೆ ಒಣಗಿ ಕಂದಾಯಿತು, ಅವರು ಬಂದರು. ಕೈಬೀಸಿಕೊಂಡು ಬರುವವರಲ್ಲ. ಹಿಂದೆ ಅವರ ಊರಲ್ಲಿ ಜನ ತಮ್ಮ ಬುತ್ತಿ ತಾವೇ ತಂದು ವೈನ್ ಮಾತ್ರ ಕೇಳುತ್ತಿದ್ದರಂತೆ. ಆ ಲೆಕ್ಕದಲ್ಲಿ ಒಂದು ದಿನ ಬ್ರೆಡ್ಡು, ಒಂದು ದಿನ ತಮ್ಮ ತೋಟದ ಟೊಮೆಟೊ, ಒಂದು ದಿನ ಹುಳಿ ಬರಿಸದ ದ್ರಾಕ್ಷಿ ರಸ. ಅವ್ವ ರೊಟ್ಟಿ, ಎಣ್ಣೆಗಾಯಿ, ಮೊಸರು ಇಡುತ್ತಿದ್ದಳು. ಶೇಂಗಾ ಹಿಂಡಿಗೆ ಮೊಸರು ಕಲೆಸಿ ಬ್ರೆಡ್ಡಿಗೆ ಬಳಿದುಕೊಂಡು ತಿನ್ನುವುದನ್ನು ಅವರು ಕಂಡುಹಿಡಿದರು. ಅವರ ಊರಲ್ಲಿ ಕೆಂಪು ಬಣ್ಣದ ಚೀಸಿನ ಚಟ್ನಿಯೊಂದನ್ನು ಹಾಗೇ ತಿನ್ನುತ್ತಾರಂತೆ. ಅವ್ವ ತಾನೂ ಒಂದು ತುಂಡು ತಿಂದು ನೋಡಿ, "ಏನ ತಪ್ಪಿಲ್ಲ" ಎಂದು ಸರ್ಟಿಫಿಕೇಟು ಕೊಟ್ಟಳು.

ಭಾಷೆಯ ತೊಂದರೆ ಅವರಿಬ್ಬರಿಗೂ ಇದ್ದಂತೆಯೇ ಕಾಣಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅವ್ವ ಗದಗಿನ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ನಾನೊಮ್ಮೆ ಮನೆಯಲ್ಲಿದ್ದ ದಿನ ಕಿವಿಗೊಟ್ಟು ಕೇಳಿದೆ. ಅವರು ಎಸ್ಟೇಟಿನ ನೆಲಮಾಳಿಗೆಯ ತಂಪಿನ ಬಗ್ಗೆ ಹೇಳುತ್ತಿದ್ದರು. ಅವ್ವ ತನ್ನ ನಾದಿನಿಯ ಮದುವೆಯಲ್ಲಿ ಬುಂದಿ ಸಾಲದೇ ಹೋದದ್ದನ್ನು ಹೇಳುತ್ತಿದ್ದಳು. ಇಬ್ಬರೂ ತಲೆದೂಗುತ್ತ ಇದ್ದರು. ಅವಳ ಹೆಸರೇ ಅವ್ವ ಎಂದು ತಿಳಿದ ಅವರು ಬಹಳ ಗೌರವದಿಂದ "ಫ್ರಾವ್ ಅವ್ವಾ", ಅಂದರೆ ಶ್ರೀಮತಿ ಅವ್ವಾ, ಎನ್ನುತ್ತಿದ್ದರು. ಅವಳು ಅವರನ್ನು "ಅಜ್ಜಾರು" ಎಂದು ಕರೆಯುತ್ತಿದ್ದಳು. ಹನ್ನೊಂದೂವರೆಗೇ ಹಿಟ್ಟು ನಾದುವಳು, ಕಿಟಕಿ ನೋಡುವಳು, ಬದನೆಕಾಯಿ ಎಳೆಯದು ತಂದಿಲ್ಲವೆಂದು ನನ್ನನ್ನು ಬೈಯುವಳು. ಅಯ್ಯೋ, ಆ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು! ಅವಳ ಬಾಯಿಂದ ಬೈಸಿಕೊಳ್ಳಲೆಂದೇ ನಾನು ಒಂದೆರಡು ಸಲ ಬಲಿತ ಬದನೆಕಾಯಿ ತಂದದ್ದುಂಟು.

ಟಿಕೆಟಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಎಲ್ಲಿ "ಹೂಂ, ಮರತಿದ್ದೆ, ಹೋಗಬೇಕಲ್ಲ" ಎಂದುಬಿಡುತ್ತಾಳೋ ಎನ್ನುವ ಹೆದರಿಕೆ ನನಗೆ. ಹೊರಡುವ ದಿನ ಮಾತ್ರ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಮನೆ ನೋಡಲು ಬರುವ ಏಜೆನ್ಸಿಯ ಹುಡುಗಿಯ ಸರದಿ ಬಂತು. ಇಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಇದೊಂದು ಕಷ್ಟ. ಮೂರು ತಿಂಗಳಿಗೊಮ್ಮೆ ಏಜೆನ್ಸಿಯವರು ಬಂದು ಗೋಡೆ, ಒಲೆ, ಬಚ್ಚಲು, ತೋಟ ಎಲ್ಲದರ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆ ದಿನ ನಾನು ಪರೀಕ್ಷೆಗೆ ಕೂತ ಹುಡುಗನಾಗಿಬಿಡುತ್ತೇನೆ. ಒಲೆ ಉಜ್ಜಿದೆ, ಹುಲ್ಲು ಕತ್ತರಿಸಿದೆ, ಗೇಟಿನ ಕಂಬದಲ್ಲಿದ್ದ ಒಣ ಸೊಪ್ಪು ಕಣ್ಣಿಗೆ ಬಿತ್ತು. ಅವ್ವ ಸ್ನಾನಕ್ಕೆ ಹೋಗಿದ್ದಳು. ಕತ್ತರಿಸಿ ಬಿನ್ನಿಗೆ ಹಾಕಿದೆ. ಆ ಹುಡುಗಿ ಬಂದು, ಕಂಬದ ಕಡೆ ತಿರುಗಿಯೂ ನೋಡದೆ ಹೋದಳು.

ಅಂದು ಮಧ್ಯಾಹ್ನ ಅಜ್ಜಾರು ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಶನಿವಾರ, ನಾನು ಮನೆಯಲ್ಲಿದ್ದೆ. ಅವ್ವ ರೊಟ್ಟಿ ಬಡಿದು, ಅರಿವೆಯಲ್ಲಿ ಸುತ್ತಿಟ್ಟು, ಡೆಕ್ಕಿನ ಮೇಲೆ ತಾಟು ಇಟ್ಟುಕೊಂಡು ಕೂತಳು. ಒಂದು ಗಂಟೆಯಾಯಿತು, ಎರಡಾಯಿತು. ಗಾಳಿ ತಣ್ಣಗಾಯಿತು. ಒಳಗೆ ಬಾ ಎಂದರೆ ಬರಲಿಲ್ಲ.

"ಉಣ್ಣಾಕ ಬರೂ ಮನಿಷ್ಯಾ ಬರಲಿಲ್ಲಂದ್ರ ಹೆಂಗ ಆಗ್ತೈತಿ ಅನ್ನೂದು ನಿನಗ ತಿಳ್ಯೂದಿಲ್ಲ ತಮ್ಮಾ" ಎಂದಳು. "ನನ್ನ ಕೈಯಾಗ ಏನೂ ಉಳದಿಲ್ಲ ಅನಸತೈತಿ."

ಆಮೇಲೆ ಎದ್ದು ಹೋಗಿ ತನ್ನ ಸೂಟ್‌ಕೇಸು ಹೊರಗೆಳೆದಳು. ಇಳಕಲ್ ಸೀರೆಗಳನ್ನು ಮಡಚಿ ಒಳಗಿಡಲು ಶುರು ಮಾಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಗ ತಲೆಗೆ ಹೊಳೆಯಿತು ನೋಡಿ. ಕಂಬ ಬೋಳಾಗಿದೆ. ನಮ್ಮ ಮನೆ ಮುಚ್ಚಿದೆ ಎಂದು ನಾನೇ ಊರಿಗೆಲ್ಲ ಸಾರಿದ್ದೇನೆ. ಇಂಜಿನಿಯರಂತೆ, ಇಂಜಿನಿಯರ್!

"ಅವ್ವಾ, ಚಪ್ಪಲ್ ಹಾಕ್ಕೊ. ಅಜ್ಜಾರ ಮನಿಗೆ ಹೋಗೂಣು ನಡಿ."

ರೊಟ್ಟಿ ಗಂಟನ್ನು ಎದೆಗವಚಿಕೊಂಡು ಬಂದಳು. ದಾರಿಯುದ್ದಕ್ಕೂ "ಅವ್ರಿಗೆ ಆರಾಮ ಇಲ್ಲೋ ಏನೋ" ಎಂದು ಒಂದೇ ಹಾಡು. ಫ್ರಾಂಜ್ ತಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಕೋಟು ಹಾಕಿದ್ದರು, ತಲೆ ಬಾಚಿದ್ದರು. ನಮ್ಮನ್ನು ಕಂಡು ಗಡಬಡಿಸಿ ಎದ್ದರು.

ಯಾಕೆ ಬರಲಿಲ್ಲ ಎಂದು ಕೇಳಿದೆ. "ಗೇಟಿನ ತನಕ ದಿನಾ ಬಂದೆ" ಎಂದರು. "ಕೊಂಬೆ ಇಳಿಸಿದ್ದೀರಿ. ಮುಚ್ಚಿದ ಮನೆಯ ಬಾಗಿಲು ತಟ್ಟಬಾರದು. ನಮ್ಮಲ್ಲಿ ಯಾರೂ ತಟ್ಟುವುದಿಲ್ಲ."

ಅವ್ವನಿಗೆ ಹೇಳಿದೆ. ಅವಳು ಮೊದಲು ನನ್ನ ಕಡೆ ನೋಡಿದ ನೋಟವನ್ನು ವರ್ಣಿಸಲಾರೆ. ನಂತರ ಫ್ರಾಂಜರ ಕಡೆ ತಿರುಗಿ, ಅವರಿಗೆ ಒಂದಕ್ಷರವೂ ತಿಳಿಯುವುದಿಲ್ಲವೆನ್ನುವುದನ್ನು ಮರೆತು ಹೇಳಿದಳು: "ನಾ ಮುಚ್ಚಿಲ್ಲರೀ ಅಜ್ಜಾರ! ಈ ಶ್ಯಾಣ್ಯಾ ತಗದಾನ. ನಾ ಯಾಕ ಮುಚ್ಚಲಿ? ಒಮ್ಮೆ ಮುಚ್ಚಿದ್ದ ಸಾಕಾಗಿಲ್ಲೇನು ನನಗ? ಅಲ್ಲಿ ಖಾನಾವಳಿ ಬಾಗಲಾ ಹಾಕಿದ ದಿನಾ ನಾ ಗ್ವಾಡಿ ಕಡೆ ಮಾರಿ ಮಾಡಿ ಅತ್ತೀನಿ. ಯಾರಿಗೂ ಹೇಳಿಲ್ಲ."

ನನಗೂ ಹೇಳಿರಲಿಲ್ಲ. ನಾನು ಆ ದಿನಗಳಲ್ಲಿ ಫೋನಿನಲ್ಲಿ "ಇನ್ನ ಆರಾಮ ಕುಂದರವಾ" ಎಂದು ದೊಡ್ಡ ಉಪದೇಶ ಮಾಡಿದ್ದೆ.

ಇಷ್ಟನ್ನೂ ಇಂಗ್ಲಿಷಿಗೆ ತಂದು ಹೇಗೋ ಹೇಳಿದೆ. ಫ್ರಾಂಜ್ ರೊಟ್ಟಿ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ನಮ್ಮ ಊರಲ್ಲಿ ಒಂದು ಮನೆ ವರ್ಷವಿಡೀ ತೆರೆದಿರುವುದಿಲ್ಲ" ಎಂದರು ಆಮೇಲೆ. "ಕೆಲವು ವಾರ ಒಬ್ಬರು, ಅವರು ಮುಚ್ಚಿದ ಮೇಲೆ ಇನ್ನೊಬ್ಬರು. ಅದಕ್ಕೇ ಮೊದಲೇ ಕೇಳಿ ಇಟ್ಟುಕೊಳ್ಳುತ್ತೇವೆ. ಫ್ರಾವ್ ಅವ್ವಾ, ನೀವು ಎಲ್ಲಿಯ ತನಕ ತೆರೆದಿರುತ್ತೀರಿ?"

ಅವರಿಗೆ ಟಿಕೆಟಿನ ವಿಷಯ ಗೊತ್ತಿರಲಿಲ್ಲ. ಇದನ್ನು ನಾನು ಅನುವಾದ ಮಾಡಬೇಕು. ಇಷ್ಟು ದಿನ ಕೇಳಲು ಹೆದರಿ ಕೂತಿದ್ದ ಪ್ರಶ್ನೆಯನ್ನು, ಬೀದಿಯ ತುದಿಯ ಒಬ್ಬ ಮುದುಕರ ಬಾಯಿಂದ ತೆಗೆದು, ನಾನೇ ಅವ್ವನ ಮುಂದೆ ಇಡಬೇಕು.

"ಅವ್ವಾ, ನೀ ಎಲ್ಲೀತನಕಾ ಇರ್ತೀ ಅಂತ ಕೇಳಾಕ ಹತ್ತ್ಯಾರ."

ಅವ್ವ ನೆಲ ನೋಡಿದಳು, ಅವರ ಕೋಟು ನೋಡಿದಳು. "ನೋಡೂಣಂತ ಹೇಳು" ಎಂದಳು.

ವಾಪಸು ಮನೆ ಮುಟ್ಟಿದವಳು ಸೀದಾ ಹಿತ್ತಲಿಗೆ ಹೋದಳು. ಕುಡಗೋಲು ಕೇಳಿದಳು, ನಮ್ಮಲ್ಲಿ ಇಲ್ಲ, ಅಡುಗೆಮನೆಯ ದೊಡ್ಡ ಚಾಕು ಕೊಟ್ಟೆ. ಲೋಕಾಟ್ ಕೊಂಬೆಗಳನ್ನು ತಾನೇ ಆರಿಸಿ ಕೊಯ್ಯಿಸಿ, ಕಂಬಕ್ಕೆ ತಾನೇ ನಿಂತು ಕಟ್ಟಿಸಿದಳು. ಗಂಟು ಮಾತ್ರ ನನ್ನ ಕೈಗೆ ಬಿಡಲಿಲ್ಲ. ಸೂಟ್‌ಕೇಸು ಕೋಣೆಯ ನಡುವೆ ಬಾಯಿ ತೆರೆದುಕೊಂಡೇ ಇತ್ತು. ಆ ವಾರವೆಲ್ಲ ನಾನೂ ಜ್ಯೋತಿಯೂ ಸೂಟ್‌ಕೇಸನ್ನು ದಾಟಿಕೊಂಡು ಓಡಾಡಿದೆವು.

ಮುಂದಿನ ಶನಿವಾರ ಫ್ರಾಂಜ್ ಒಬ್ಬರೇ ಬರಲಿಲ್ಲ. ಅವರ ಜೊತೆ ಇಸ್ಪೀಟು ಆಡುವ ಗೆಳೆಯರೂ ಬಂದರು. ಒಬ್ಬರು ಹ್ಯಾಮಿಲ್ಟನ್ನಿನಿಂದ ಕಾರು ಓಡಿಸಿಕೊಂಡು ಬಂದಿದ್ದರಂತೆ. ಎಲ್ಲರ ಕೈಯಲ್ಲೂ ಒಂದೊಂದು ಖಾಲಿ ಲೋಟ. ನಾಲ್ಕು ಮನೆಯಾಚೆಯ ಟೋಂಗಾದ ಆಂಟಿಯೊಬ್ಬರು ಇದೇನು ಗದ್ದಲ ಎಂದು ಇಣುಕಿ, ಜಾಗ ಇರುವುದನ್ನು ನೋಡಿ ಕೂತುಬಿಟ್ಟರು. ಬೆಂಚು ಸಾಲದೆ ನಾನು ನಿಂತೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಜ್ಯೋತಿ ಬಡಿಸುತ್ತಿದ್ದಳು.

ಆಗಲೇ ಗಂಗವ್ವ ಚಿಕ್ಕವ್ವನ ಫೋನು ಬಂತು. ಅವ್ವನ ಎರಡೂ ಕೈ ಹಿಟ್ಟಾಗಿತ್ತು, ನಾನೇ ಫೋನನ್ನು ಅವಳ ಕಿವಿಗೆ ಹಿಡಿದೆ. ಚಿಕ್ಕವ್ವನ ದನಿ ದೊಡ್ಡದು, ನನಗೂ ಕೇಳುತ್ತಿತ್ತು. ಹುಬ್ಬಳ್ಳಿ ಏರ್‌ಪೋರ್ಟಿಗೆ ಗಾಡಿ ಕಳಿಸಬೇಕು, ಯಾವತ್ತು ಬಂದು ಇಳಿಯುತ್ತೀ, ಎಷ್ಟು ಹೊತ್ತಿಗೆ, ನಿನ್ನ ಕೋಣೆ ಸುಣ್ಣ ಬಳಿಸಿ ಇಟ್ಟಿದ್ದೇನೆ ಎಂದು ಅವಳು ಹೇಳುತ್ತಿದ್ದಳು.

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು.

"ಗಂಗವ್ವಾ, ಗಾಡಿ ಗೀಡಿ ಏನೂ ಕಳಸಬ್ಯಾಡ" ಎಂದಳು. "ಹೆಂಗ ಬರ್ಲಿ? ಇಲ್ಲಿ ಮಂದಿ ಉಣ್ಣಾಕ ಕುಂತಾರ. ಫೋನ್ ಇಡು, ರೊಟ್ಟಿ ಹೊತ್ತತೈತಿ."

ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಮತ್ತೆ ಬಡಿಯತೊಡಗಿದಳು. ಚಿಕ್ಕವ್ವ ಆ ಕಡೆಯಿಂದ ಕೂಗುತ್ತಿದ್ದಳು: "ಏನಂದ್ಲೋ ತಮ್ಮಾ? ಸರಿ ಕೇಳಸಲಿಲ್ಲ, ಏನಂದ್ಲು?"

ನಾನು ಫೋನನ್ನು ನನ್ನ ಕಿವಿಗೆ ಹಿಡಿದು, "ಅವ್ವ ಬರೂದಿಲ್ಲಂತ ಚಿಕ್ಕವ್ವಾ" ಎಂದೆ. ಸಂತೋಷಕ್ಕೆ ಅಳು ಬಂದುಬಿಟ್ಟಿತ್ತು. ಅದನ್ನು ಕಂಡ ಅವ್ವ, "ಅಲ್ಲೇನ ನಿಂತಿ? ಆ ಹ್ಯಾಮಿಲ್ಟನ್ನಿನವ್ರ ತಾಟ ಖಾಲಿ ಐತಿ ನೋಡು, ಹೋಗು" ಎಂದು ಬಿಸಿ ರೊಟ್ಟಿಯನ್ನು ನನ್ನ ಕೈಗೆ ಹಾಕಿದಳು.